ಕ್ಯಾಮ್‌ಕಾರ್ಡರ್ ವಿಡಿಯೋ: ಗೋಣಿ ಬದಲಿಸಿ, ಬೇಯಿಸಬೇಡಿ

ಹಳೆಯ ಕ್ಯಾಮ್‌ಕಾರ್ಡರಿನ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ, ಫೋಟೋ ಸಂಗ್ರಹದ ಸಾಫ್ಟ್‌ವೇರಿನಲ್ಲಿ 'ಇಂಪೋರ್ಟ್' ಒತ್ತುತ್ತೀರಿ. ಫೋಟೋಗಳೆಲ್ಲ ಸಾಲಾಗಿ ಬರುತ್ತವೆ. ವಿಡಿಯೋ ಒಂದೂ ಬರುವುದಿಲ್ಲ. ಬಂದರೂ ಚಿತ್ರ ಇದ್ದು ಸ್ವರ ಇಲ್ಲ, ಅಥವಾ ಎಲ್ಲವೂ ಇವತ್ತೇ ತೆಗೆದದ್ದು ಎಂದು ತೋರಿಸುತ್ತದೆ. ಇದು ಅನೇಕ ಕೃಷಿಕ ಮನೆಗಳ ಅನುಭವ. ಕಾರ್ಡ್ ಹಾಳಾಗಿದೆ ಎಂದು ತಿಳಿದು ಫಾರ್ಮ್ಯಾಟ್ ಮಾಡಿ ಬಿಟ್ಟವರೂ ಇದ್ದಾರೆ. ಕಾರ್ಡ್ ಹಾಳಾಗಿರುವುದಿಲ್ಲ. ಸಾಫ್ಟ್‌ವೇರ್ ಹುಡುಕುವ ಜಾಗವೇ ಬೇರೆ, ಕ್ಯಾಮೆರಾ ವಿಡಿಯೋ ಇಟ್ಟ ಜಾಗವೇ ಬೇರೆ, ಅಷ್ಟೇ.

ಮೊಬೈಲ್ ಬಂದ ಮೇಲೆ ಕ್ಯಾಮ್‌ಕಾರ್ಡರ್ ಯಾರಿಗೆ ಬೇಕು ಎಂದು ಕೇಳಬಹುದು. ನಾನಂತೂ ನನ್ನದನ್ನು ಬಿಟ್ಟಿಲ್ಲ. ಅಡಿಕೆ ಮರದ ತುದಿ ಕೆಳಗಿನಿಂದ ಸ್ಪಷ್ಟವಾಗಿ ಕಾಣಬೇಕಾದರೆ ಮಸೂರವೇ ಮುಂದೆ ಹೋಗಿ ಹತ್ತಿರ ಮಾಡಬೇಕು. ಇಪ್ಪತ್ತು, ಇಪ್ಪತ್ತೈದು ಪಟ್ಟು ಹತ್ತಿರ ಎಳೆಯುವ ಮಸೂರ ಈ ಹಳೆಯ ಕ್ಯಾಮೆರಾಗಳಲ್ಲಿ ಸಾಮಾನ್ಯ. ಸಾಧಾರಣ ಮೊಬೈಲಿನಲ್ಲಿ ಝೂಮ್ ಮಾಡಿದರೆ ಚಿತ್ರ ಒಡೆಯುತ್ತದೆ. ಹಿಂಗಾರ ಹೇಗಿದೆ, ಎಲೆಯಲ್ಲಿ ಚುಕ್ಕಿ ಎಷ್ಟು ಎಂದು ಮರ ಹತ್ತದೆ ನೋಡುವುದಕ್ಕೆ ಇದೇ ಒಳ್ಳೆಯದು.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಮ್ಮೂರಿನಲ್ಲಿ ಸುರಂಗ ತೋಡುವ ಅಜ್ಜ ಒಬ್ಬರಿದ್ದರು. ಗುಡ್ಡದ ಮೈಗೆ ಅಡ್ಡಲಾಗಿ ಮುರಕಲ್ಲು ಕೊರೆದು ನೀರು ತರಿಸುವ ಈ ಕೆಲಸ ದಕ್ಷಿಣ ಕನ್ನಡ, ಕಾಸರಗೋಡಿನವರಿಗೆ ಹೊಸತಲ್ಲ. 2011ರ ಬೇಸಗೆಯಲ್ಲಿ ಎರಡು ಮಧ್ಯಾಹ್ನ ಅವರನ್ನು ಮಾತಾಡಿಸಿ ರೆಕಾರ್ಡ್ ಮಾಡಿಕೊಂಡಿದ್ದೆ. ಎಲ್ಲಿ ಕೊರೆಯಬೇಕು, ಮಣ್ಣು ಯಾವಾಗ ಮೆತ್ತಗಾಗುತ್ತದೆ, ದೀಪ ಮಂಕಾದರೆ ಯಾಕೆ ಹೊರಗೆ ಬರಬೇಕು, ಎಲ್ಲವನ್ನೂ ತುಳುವಿನಲ್ಲಿ ಹೇಳಿದ್ದಾರೆ. ಈಗ ಅವರಿಲ್ಲ. ಆ ಕೆಲಸ ಗೊತ್ತಿರುವ ಇನ್ನೊಬ್ಬರು ನಮ್ಮ ಗ್ರಾಮದಲ್ಲಿ ಇಲ್ಲ. ಅವರ ಮಾತು ಉಳಿದದ್ದು ಆ ಕಾರ್ಡಿನಲ್ಲಿ ಮಾತ್ರ. ಹಾಗಾಗಿ ಕಾರ್ಡಿನಿಂದ ಕಂಪ್ಯೂಟರಿಗೆ ತರುವ ದಾರಿಯನ್ನು ನಾನು ಸ್ವಲ್ಪ ತಾಳ್ಮೆಯಿಂದಲೇ ಕಲಿತೆ.

ಕಾರ್ಡಿನ ಒಳಗೆ ಏನಿದೆ?

ಸೋನಿ ಮತ್ತು ಪ್ಯಾನಸೋನಿಕ್ ಕಂಪೆನಿಗಳು 2006ರಲ್ಲಿ ಎವಿಸಿಎಚ್‌ಡಿ ಎಂಬ ಕ್ರಮವನ್ನು ತಂದವು. ಆಮೇಲೆ ಬಂದ ಕಾರ್ಡ್ ಹಾಕುವ ಕ್ಯಾಮ್‌ಕಾರ್ಡರ್‌ಗಳಲ್ಲಿ ಬಹುಪಾಲು ಇದೇ. ಈ ಕ್ಯಾಮೆರಾ ಫೋಟೋಗಳನ್ನು 'ಡಿಸಿಐಎಂ' ಎಂಬ ಫೋಲ್ಡರಿನಲ್ಲಿ ಇಡುತ್ತದೆ. ಎಲ್ಲ ಫೋಟೋ ಸಾಫ್ಟ್‌ವೇರ್‌ಗಳೂ ಮೊದಲು ಹುಡುಕುವುದು ಅಲ್ಲೇ. ವಿಡಿಯೋವನ್ನು ಮಾತ್ರ ಅದು ಬೇರೆ ಕಡೆ ಹುಗಿದಿಡುತ್ತದೆ: 'ಪ್ರೈವೇಟ್' ಒಳಗೆ 'ಎವಿಸಿಎಚ್‌ಡಿ', ಅದರೊಳಗೆ 'ಬಿಡಿಎಂವಿ', ಅದರೊಳಗೆ 'ಸ್ಟ್ರೀಮ್'. ಅಲ್ಲಿ 00000, 00001 ಎಂದು ಸಂಖ್ಯೆ ಹಾಕಿದ ಎಂಟಿಎಸ್ ಫೈಲುಗಳು ಸಿಗುತ್ತವೆ. ನಿಮ್ಮ ವಿಡಿಯೋ ಎಂದರೆ ಇವೇ. ಪಕ್ಕದ ಫೋಲ್ಡರುಗಳಲ್ಲಿರುವ ಚಿಕ್ಕ ಚಿಕ್ಕ ಫೈಲುಗಳು ಯಾವ ತುಂಡು ಯಾವುದರ ಮುಂದುವರಿಕೆ ಎಂಬ ಲೆಕ್ಕ ಇಟ್ಟುಕೊಂಡಿರುತ್ತವೆ.

ಮ್ಯಾಕ್ ಕಂಪ್ಯೂಟರಿನಲ್ಲಿ ಇದೆಲ್ಲ ಸೇರಿ ಒಂದೇ ಗುರುತಾಗಿ ಕಾಣುತ್ತದೆ. ಗಾಬರಿ ಬೇಡ. ಮೌಸಿನ ಬಲಗುಂಡಿ ಒತ್ತಿ ಒಳಗಿರುವುದನ್ನು ತೋರಿಸು ಎಂದರೆ ತೆರೆದುಕೊಳ್ಳುತ್ತದೆ.

ಮೊದಲ ಕೆಲಸ: ಎಂಟಿಎಸ್ ಫೈಲುಗಳನ್ನು ಮಾತ್ರ ಆರಿಸಿ ಎಳೆದುಕೊಳ್ಳಬೇಡಿ. ಇಡೀ ಕಾರ್ಡನ್ನು ಇದ್ದ ಹಾಗೆಯೇ ಒಂದು ಹೊಸ ಫೋಲ್ಡರಿಗೆ ಕಾಪಿ ಮಾಡಿ. ಫೋಲ್ಡರಿಗೆ ದಿನಾಂಕ ಸೇರಿಸಿ ಹೆಸರು ಕೊಡಿ. ಇದಕ್ಕೆ ಕಾರಣ ಉಂಟು. ಕಾರ್ಡ್ ಖಾಲಿ ಮಾಡಿ ಮತ್ತೆ ಹಾಕಿದರೆ ಅನೇಕ ಕ್ಯಾಮೆರಾಗಳು ಮತ್ತೆ 00000ದಿಂದಲೇ ಎಣಿಸಲು ತೊಡಗುತ್ತವೆ. ಮೂರು ಕಾರ್ಡಿನ ವಿಡಿಯೋವನ್ನು ಒಂದೇ ಫೋಲ್ಡರಿಗೆ ಸುರಿದರೆ ಒಂದೇ ಹೆಸರಿನ ಮೂರು ಫೈಲು. 'ಹಳೆಯದರ ಮೇಲೆ ಬರೆಯಲೇ?' ಎಂದು ಕಂಪ್ಯೂಟರ್ ಕೇಳುತ್ತದೆ. ಅವಸರದಲ್ಲಿ ಹೌದು ಎಂದರೆ ಹಿಂದಿನದು ಹೋಯಿತು.

ಜಾಗ ಎಷ್ಟು ಬೇಕು? ಸೆಕೆಂಡಿಗೆ 17 ಮೆಗಾಬಿಟ್ ಇಟ್ಟು ತೆಗೆದಿದ್ದರೆ ಒಂದು ಗಂಟೆಗೆ ಏಳೂವರೆ ಜಿಬಿಗಿಂತ ಸ್ವಲ್ಪ ಜಾಸ್ತಿ. 24 ಮೆಗಾಬಿಟ್ ಆದರೆ ಹತ್ತೂ ಮುಕ್ಕಾಲು ಜಿಬಿ. ಇವತ್ತಿನ ಹಾರ್ಡ್ ಡಿಸ್ಕಿಗೆ ಇದು ಲೆಕ್ಕವೇ ಅಲ್ಲ.

ಚಾಲಿಯನ್ನು ಬೇಯಿಸುವುದೇಕೆ?

ಇಲ್ಲಿಯೇ ಹೆಚ್ಚಿನವರು ಅಡ್ಡದಾರಿ ಹಿಡಿಯುವುದು. 'ಎಂಟಿಎಸ್ ತೆಗೆದುಕೊಳ್ಳುವುದಿಲ್ಲ' ಎಂದ ಕೂಡಲೇ ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ ಯಾವುದೋ 'ಕನ್ವರ್ಟರ್' ಹಾಕಿಕೊಂಡು ರಾತ್ರಿಯಿಡೀ ಓಡಿಸುತ್ತಾರೆ. ಬೆಳಗ್ಗೆ ಎಂಪಿ4 ಫೈಲ್ ರೆಡಿ. ಸಂಗ್ರಹಕ್ಕೂ ಸೇರಿತು. ಹಳೆಯದನ್ನು ಅಳಿಸಿ ಆಯಿತು.

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ಎಂಟಿಎಸ್ ಎಂಬುದು ಗೋಣಿ. ಅದರೊಳಗಿನ ಅಡಿಕೆ ಎಂದರೆ ಚಿತ್ರ ಮತ್ತು ಸ್ವರ. ಎವಿಸಿಎಚ್‌ಡಿಯಲ್ಲಿ ಚಿತ್ರ ಎಚ್.264 ಎಂಬ ಜಾತಿಯದು. ಈ ಜಾತಿಯನ್ನು ಇವತ್ತಿನ ಎಲ್ಲ ಫೋಟೋ ಸಾಫ್ಟ್‌ವೇರ್‌ಗಳೂ, ಮೊಬೈಲುಗಳೂ ಗುರುತಿಸುತ್ತವೆ. ಅವುಗಳಿಗೆ ಆಗದಿರುವುದು ಗೋಣಿ ಮಾತ್ರ. ಹಾಗಿದ್ದರೆ ಆ ಗೋಣಿಯಿಂದ ಎಂಪಿ4 ಎಂಬ ಇನ್ನೊಂದು ಗೋಣಿಗೆ ಸುರಿದರೆ ಸಾಕಲ್ಲ? ಒಂದು ಅಡಿಕೆಯೂ ಹಾಳಾಗುವುದಿಲ್ಲ. ಕನ್ವರ್ಟರ್ ಮಾಡುವುದು ಹಾಗಲ್ಲ. ಅದು ಅಡಿಕೆಯನ್ನೇ ಮತ್ತೆ ಬೇಯಿಸುತ್ತದೆ. ಚಿತ್ರವನ್ನು ಬಿಡಿಸಿ, ಹಿಂಡಿ, ಹೊಸತಾಗಿ ಕಟ್ಟುತ್ತದೆ. ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಹೋಗುತ್ತದೆ. ಬೇಯಿಸಿದ ಅಡಿಕೆ ಮತ್ತೆ ಚಾಲಿ ಆಗುವುದುಂಟೇ?

ಎಷ್ಟು ಹೋಗಬಹುದು ಎಂಬುದಕ್ಕೆ ಒಂದು ಉದಾಹರಣೆ. ಪರಿಚಯದವರೊಬ್ಬರು ಕಾರ್ಡನ್ನು ಪೇಟೆಯ ಒಂದು ಸ್ಟುಡಿಯೋಕ್ಕೆ ಕೊಟ್ಟು ಡಿವಿಡಿ ಮಾಡಿಸಿಕೊಂಡು ಬಂದರು. ಕಾರ್ಡನ್ನು ಅಲ್ಲಿಯೇ ಖಾಲಿ ಮಾಡಿ ಕೊಟ್ಟರಂತೆ, ಉಪಕಾರ ಎಂದು. ಕ್ಯಾಮೆರಾ ಬರೆದದ್ದು ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳ ಚಿತ್ರ. ನಮ್ಮ ದೇಶದ ಡಿವಿಡಿಯಲ್ಲಿ ಹಿಡಿಸುವುದು 720ಕ್ಕೆ 576. ಗುಣಿಸಿ ನೋಡಿ: ಸರಿಯಾಗಿ ಐದರಲ್ಲಿ ಒಂದು ಪಾಲು. ಉಳಿದ ನಾಲ್ಕು ಪಾಲು ಸ್ಟುಡಿಯೋದಲ್ಲೇ ಉಳಿಯಿತು. ಅವರ ತಂದೆ ಕಸಿ ಕಟ್ಟುವ ವಿಡಿಯೋ ಅದು. ಚೂರಿಯ ಬಾಯಿ ತೊಗಟೆಯೊಳಗೆ ಎಷ್ಟು ಹೋಯಿತು ಎಂಬುದೇ ಈಗ ಕಾಣುವುದಿಲ್ಲ.

ಗೋಣಿ ಬದಲಿಸುವ ಕ್ರಮ

ಇದಕ್ಕೆ ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನ ಇದೆ. ಆದರೆ ಅದರಲ್ಲಿ ಆದೇಶಗಳನ್ನು ಟೈಪ್ ಮಾಡಬೇಕು, ನಮ್ಮಂಥವರಿಗೆ ತುಸು ಕಿರಿಕಿರಿ. ನಾನು ಬಳಸುವುದು ಅವಿಡೆಮಕ್ಸ್. ಇದೂ ಉಚಿತ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಸಿಗುತ್ತದೆ.

ಕಾಪಿ ಮಾಡಿದ ಫೋಲ್ಡರಿನಿಂದ ಎಂಟಿಎಸ್ ಫೈಲನ್ನು ತೆರೆಯಿರಿ. ನೇರವಾಗಿ ಕಾರ್ಡಿನಿಂದ ತೆರೆಯಬೇಡಿ, ಈ ಸಾಫ್ಟ್‌ವೇರ್ ಪಕ್ಕದಲ್ಲೇ ತನ್ನದೊಂದು ಸೂಚಿ ಫೈಲನ್ನು ಬರೆದಿಡುತ್ತದೆ. ಎಡಬದಿಯಲ್ಲಿ ಮೂರು ಪಟ್ಟಿಗಳಿವೆ. 'ವಿಡಿಯೋ ಔಟ್‌ಪುಟ್' ಎಂಬಲ್ಲಿ 'ಕಾಪಿ' ಎಂದೇ ಇರಲಿ. ಇದೇ ಮುಖ್ಯ. ಬೇಯಿಸಬೇಡ, ಸುರಿ ಎಂದು ಹೇಳಿದ ಹಾಗೆ. ಮೂರನೆಯ ಪಟ್ಟಿಯಲ್ಲಿ 'ಎಂಪಿ4 ಮಕ್ಸರ್' ಆರಿಸಿ. ಮಧ್ಯದ್ದು ಸ್ವರದ್ದು, ಅಲ್ಲಿ ಸ್ವಲ್ಪ ವಿಚಾರ ಮಾಡಬೇಕು. ಎವಿಸಿಎಚ್‌ಡಿಯ ಸ್ವರ ಸಾಮಾನ್ಯವಾಗಿ ಎಸಿ-3 ಎಂಬ ಜಾತಿಯದು. ಎಂಪಿ4 ಗೋಣಿಯಲ್ಲಿ ಅದನ್ನೂ ಹಾಕಬಹುದು, ಆದರೆ ಕೆಲವು ಸಾಫ್ಟ್‌ವೇರ್ ಮತ್ತು ಮೊಬೈಲುಗಳಲ್ಲಿ ಚಿತ್ರ ಮಾತ್ರ ಓಡಿ ಸ್ವರ ಬರುವುದಿಲ್ಲ. ಹಾಗಾದರೆ ಸ್ವರವನ್ನು ಮಾತ್ರ ಎಎಸಿಗೆ ಬದಲಿಸಿ. ಸ್ವರದ ಪಾಲು ಚಿಕ್ಕದು, ಬಿಟ್‌ರೇಟ್ ಸ್ವಲ್ಪ ಧಾರಾಳವಾಗಿ ಕೊಟ್ಟರೆ ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆಮೇಲೆ ಸೇವ್. ಚಿತ್ರವನ್ನು ಸುರಿಯುವುದಷ್ಟೇ ಆದ್ದರಿಂದ ಒಂದು ಗಂಟೆಯ ವಿಡಿಯೋ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ರಾತ್ರಿಯಿಡೀ ಓಡಿದರೆ ಎಲ್ಲೋ ಬೇಯುತ್ತಾ ಇದೆ ಎಂದೇ ತಿಳಿಯಿರಿ.

ಉದ್ದದ ವಿಡಿಯೋಗಳಿಗೆ ಇನ್ನೊಂದು ಎಚ್ಚರಿಕೆ. ಈ ಕಾರ್ಡುಗಳಲ್ಲಿ ಹೆಚ್ಚಿನವು ಫ್ಯಾಟ್32 ಎಂಬ ಕ್ರಮದವು. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸದು. ಹಾಗಾಗಿ ಕ್ಯಾಮೆರಾ ಕೆಲವು ಸಲ 2 ಜಿಬಿಗೆ, ಕೆಲವು ಸಲ 4 ಜಿಬಿಗೆ ತಾನಾಗಿಯೇ ಕಡಿದು ಮುಂದಿನ ಸಂಖ್ಯೆಯಲ್ಲಿ ಮುಂದುವರಿಸುತ್ತದೆ. ನೀವು ರೆಕಾರ್ಡಿಂಗ್ ನಿಲ್ಲಿಸಿರುವುದಿಲ್ಲ, ಕ್ಯಾಮೆರಾವೂ ಹೇಳುವುದಿಲ್ಲ. 17 ಮೆಗಾಬಿಟ್‌ನಲ್ಲಿ 2 ಜಿಬಿ ಎಂದರೆ ಸುಮಾರು 16-17 ನಿಮಿಷ. ಸುರಂಗದ ಅಜ್ಜ 'ಇಲ್ಲಿಂದ ಬಲಕ್ಕೆ ಯಾಕೆ ತಿರುಗಿಸಿದೆ ಅಂದರೆ' ಎನ್ನುವಲ್ಲಿ ಒಂದು ಫೈಲ್ ಮುಗಿಯುತ್ತದೆ, ಕಾರಣ ಮುಂದಿನ ಫೈಲಿನಲ್ಲಿ! ಇವೆರಡನ್ನು ಬೇರೆ ಬೇರೆ ಬದಲಿಸಿ ಆಮೇಲೆ ಜೋಡಿಸಿದರೆ ಸಂದಿನಲ್ಲಿ ಒಂದು ಶಬ್ದ ನುಂಗಿಹೋಗುವುದುಂಟು. ಮೊದಲು ಜೋಡಿಸಿ, ಆಮೇಲೆ ಗೋಣಿ ಬದಲಿಸಿ. ಸಾಲು ಸಂಖ್ಯೆಯ ಫೈಲುಗಳಿದ್ದರೆ ಅವಿಡೆಮಕ್ಸ್ ತಾನೇ 'ಮುಂದಿನದ್ದನ್ನೂ ಸೇರಿಸಲೇ?' ಎಂದು ಕೇಳುತ್ತದೆ. ಆದರೆ ಕಣ್ಣುಮುಚ್ಚಿ ಹೌದು ಎನ್ನಬೇಡಿ. ಸರಿಯಾಗಿ 2 ಅಥವಾ 4 ಜಿಬಿ ಹತ್ತಿರ ಇದ್ದ ಫೈಲಿಗೆ ಮಾತ್ರ ಮುಂದಿನದು ಬಾಲ. ಉಳಿದವು ಬೇರೆ ಬೇರೆ ದೃಶ್ಯಗಳು.

ಮುಗಿದ ಮೇಲೆ ಹೊಸ ಫೈಲಿನ ಆರಂಭ, ಮಧ್ಯ, ಕೊನೆ ಮೂರು ಕಡೆ ನೋಡಿ. ತುಟಿಗೂ ಮಾತಿಗೂ ಸರಿಹೋಗುತ್ತದೆಯೇ? ಒಟ್ಟು ನಿಮಿಷ ಸರಿಯಿದೆಯೇ? ಓಡುವ ವಸ್ತುವಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಗೆರೆ ಕಂಡರೆ ಹೆದರಬೇಡಿ. ಕ್ಯಾಮೆರಾ ಬೆಸ ಗೆರೆ, ಸಮ ಗೆರೆ ಎಂದು ಎರಡು ಸರದಿಯಲ್ಲಿ ಬರೆದದ್ದರ ಗುರುತು ಅದು. ವಿಎಲ್‌ಸಿಯಂಥ ಪ್ಲೇಯರ್ ಅದನ್ನು ತೋರಿಸುವಾಗಲೇ ಸರಿಮಾಡುತ್ತದೆ. ಇಡುವ ಪ್ರತಿಯಲ್ಲಿ ಅದನ್ನು ತೆಗೆಯಲು ಹೋಗಬೇಡಿ.

ಎಂಓಡಿ ಎಂದು ಕಂಡರೆ?

ಜೆವಿಸಿಯ ಎವೆರಿಯೋ ಮೊದಲಾದ ಕೆಲವು ಕ್ಯಾಮೆರಾಗಳಲ್ಲಿ ಎಂಓಡಿ ಎಂಬ ಫೈಲುಗಳು ಇರುತ್ತವೆ. ಇವು ಎಂಪೆಗ್-2 ಜಾತಿ, ಡಿವಿಡಿಯ ದಾಯಾದಿ. ಹೆಸರಿನ ಕೊನೆಯನ್ನು ಎಂಪಿಜಿ ಎಂದು ತಿದ್ದಿದರೆ ಅನೇಕ ಸಾಫ್ಟ್‌ವೇರುಗಳು ಹಾಗೆಯೇ ಒಪ್ಪುತ್ತವೆ. ಆದರೆ ಅಗಲ ಪರದೆಯಲ್ಲಿ ತೆಗೆದದ್ದು ಆಗ ಇಕ್ಕಟ್ಟಾಗಿ, ಜನರೆಲ್ಲ ಸೊರಗಿದ ಹಾಗೆ ಕಾಣಬಹುದು. ಪ್ಲೇಯರಿನಲ್ಲಿ 16:9 ಎಂದು ಆರಿಸಿದರೆ ಸರಿ. ಪಕ್ಕದಲ್ಲಿರುವ ಎಂಓಐ ಫೈಲುಗಳನ್ನು ಕಸ ಎಂದು ಅಳಿಸಬೇಡಿ. ತೆಗೆದ ದಿನ, ಹೊತ್ತು ಅದರಲ್ಲಿದೆ.

ದಿನಾಂಕವೇ ಅರ್ಧ ಬೆಲೆ

ಕೃಷಿಕನಿಗೆ ಫೋಟೋ ಸಂಗ್ರಹದ ಸಾಫ್ಟ್‌ವೇರ್ ಯಾಕೆ ಬೇಕು? ನನ್ನ ಉತ್ತರ ಒಂದೇ: ದಿನಾಂಕದ ಪ್ರಕಾರ ಜೋಡಿಸಿ ತೋರಿಸುತ್ತದಲ್ಲ, ಅದಕ್ಕೆ. ಬರೆಯದ ಡೈರಿ ಎಂದೇ ಹೇಳಬಹುದು. ಕೊಳೆರೋಗ ಯಾವ ವರ್ಷ ಮೊದಲ ಮದ್ದಿನ ಮೊದಲೇ ಕಾಣಿಸಿತು, ಎಳೆಕಾಯಿ ಉದುರಿದ್ದು ಯಾವ ವಾರ, ತೋಟದ ಯಾವ ಮೂಲೆಯಿಂದ ಎಲೆಚುಕ್ಕಿ ಶುರುವಾಯಿತು ಎಂದು ವರ್ಷ ವರ್ಷದ ಅದೇ ವಾರವನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ನೆನಪು ಸುಳ್ಳು ಹೇಳುತ್ತದೆ ಮಾರಾಯರೇ. 'ಆ ವರ್ಷ ಮಳೆ ಬೇಗ ಬಿಟ್ಟಿತ್ತು' ಎಂದು ವಾದ ಮಾಡಿದವರಿಗೆ ಸಪ್ಟಂಬರ ಕೊನೆಯ ವಿಡಿಯೋದಲ್ಲಿ ತೋಡು ತುಂಬಿ ಹರಿಯುವುದನ್ನು ತೋರಿಸಿದ್ದೇನೆ.

ಗೋಣಿ ಬದಲಿಸುವಾಗ ಕಳೆದುಹೋಗುವುದು ಈ ದಿನಾಂಕವೇ. ಹೊಸ ಫೈಲ್ ಇವತ್ತು ಹುಟ್ಟಿದ್ದು, ಹಾಗಾಗಿ ಸಂಗ್ರಹ ಅದನ್ನು ಇವತ್ತಿನ ಲೆಕ್ಕಕ್ಕೆ ಹಾಕುತ್ತದೆ. ಹದಿನೈದು ವರ್ಷದ ವಿಡಿಯೋ ಒಂದೇ ದಿನದಲ್ಲಿ ಗುಡ್ಡೆ ಬಿದ್ದರೆ ಏನು ಪ್ರಯೋಜನ?

ಎಂಟಿಎಸ್ ಫೈಲಿನ ಒಳಗೆ ತೆಗೆದ ದಿನ ಮತ್ತು ಹೊತ್ತು ಬರೆದಿರುತ್ತದೆ. ಎಕ್ಸಿಫ್‌ಟೂಲ್ ಎಂಬ ಉಚಿತ ಸಾಧನ ಅದನ್ನು ಓದುತ್ತದೆ. ನಾನು ಮಾಡುವುದು ಸರಳ. ಆ ದಿನಾಂಕವನ್ನು ಹೊಸ ಫೈಲಿನ ಹೆಸರಿಗೇ ಸೇರಿಸುತ್ತೇನೆ: ವರ್ಷ, ತಿಂಗಳು, ದಿನ, ಹೊತ್ತು, ಆಮೇಲೆ ಒಂದೆರಡು ಶಬ್ದ. ವರ್ಷ ಮೊದಲು ಬರೆದರೆ ಫೈಲುಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ನಾನು ಬಳಸುವ ಡಿಜಿಕ್ಯಾಮ್ ಎಂಬ ಸಂಗ್ರಹದಲ್ಲಿ ಹೊತ್ತು ತಿದ್ದುವ ಉಪಕರಣ ಇದೆ, ಅದು ಫೈಲಿನ ಹೆಸರಿನಿಂದಲೇ ದಿನಾಂಕ ಎತ್ತಿಕೊಳ್ಳಬಲ್ಲದು.

ಐದೂವರೆ ಗಂಟೆಯ ಒಂದು ತಕರಾರು ಇದೆ. ಎಂಪಿ4 ಫೈಲಿನೊಳಗೆ ಹೊತ್ತನ್ನು ನಮ್ಮ ಗಡಿಯಾರದಂತೆ ಅಲ್ಲ, ಗ್ರೀನಿಚ್ ಹೊತ್ತಿನಂತೆ ಬರೆಯಬೇಕೆಂದು ನಿಯಮ. ನಮ್ಮ ಹೊತ್ತನ್ನೇ ಬರೆದರೆ ಸಾಫ್ಟ್‌ವೇರ್ ಅದಕ್ಕೆ ಮತ್ತೆ ಐದೂವರೆ ಗಂಟೆ ಕೂಡಿಸಿ ತೋರಿಸುತ್ತದೆ. ಬೆಳಗ್ಗೆ ಒಂಬತ್ತರ ತೋಟ ಮಧ್ಯಾಹ್ನ ಎರಡೂವರೆಗೆ ಹೋಗುತ್ತದೆ. ಸಂಜೆ ಆರೂವರೆಯ ಮೇಲೆ ತೆಗೆದದ್ದು ಮರುದಿನಕ್ಕೇ ಹಾರುತ್ತದೆ. ನೆರಳು ನೋಡಿದರೆ ನಮಗೆ ಹೊತ್ತು ಗೊತ್ತಾಗುತ್ತದಷ್ಟೆ? ಒಂದು ವಿಡಿಯೋ ನೋಡಿ ತಾಳೆ ಹಾಕಿ.

ಕ್ಯಾಮೆರಾದ ಒಳಗಿನ ಬ್ಯಾಟರಿ ಸತ್ತು ಗಡಿಯಾರವೇ ತಪ್ಪಿದ್ದರೂ ಉಪಾಯವಿದೆ. ಆ ಕಾರ್ಡಿನಲ್ಲಿ ದಿನ ಖಚಿತವಾಗಿ ಗೊತ್ತಿರುವ ಒಂದು ದೃಶ್ಯ ಹುಡುಕಿ. ಮದುವೆ ಇರಬಹುದು, ಊರ ಜಾತ್ರೆ ಇರಬಹುದು. ಆಮಂತ್ರಣ ಪತ್ರ ಅಥವಾ ಹಳೆಯ ಪಂಚಾಂಗ ನೋಡಿ ವ್ಯತ್ಯಾಸ ಎಷ್ಟು ದಿನ ಎಂದು ಲೆಕ್ಕ ಹಾಕಿ. ನಡುವೆ ಗಡಿಯಾರ ಮತ್ತೆ ನಿಂತಿಲ್ಲವಾದರೆ ಉಳಿದ ಎಲ್ಲದಕ್ಕೂ ಅಷ್ಟೇ ದಿನ ಕೂಡಿಸಿದರಾಯಿತು.

ಯಾವ ಸಂಗ್ರಹ?

ಇದರ ಬಗ್ಗೆ ನನಗೆ ಸ್ವಲ್ಪ ಹಟವೇ ಇದೆ. ಅನೇಕರು ಮೆಚ್ಚಿದ್ದ ಗೂಗಲ್‌ನ ಪಿಕಾಸಾ 2016ರಲ್ಲಿ ನಿಂತಿತು. ಆಪಲ್‌ನ ಐಫೋಟೋ 2015ರಲ್ಲಿ ಹೋಗಿ 'ಫೋಟೋಸ್' ಬಂತು. ಗೂಗಲ್ ಫೋಟೋಸಿನಲ್ಲಿ ಲೆಕ್ಕವಿಲ್ಲದೆ ಉಚಿತವಾಗಿ ತುಂಬುವ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಎಂಟಿಎಸ್ಸನ್ನೂ ಎಂಓಡಿಯನ್ನೂ ನೇರವಾಗಿ ಒಪ್ಪುತ್ತದೆ ಎಂಬುದು ಅದರ ಗುಣ, ಆದರೆ ಉಚಿತ ಜಾಗ ಒಟ್ಟು 15 ಜಿಬಿ, ಎಂದರೆ ನಮ್ಮ ಎರಡು ಗಂಟೆಯ ವಿಡಿಯೋ. ಅದರಲ್ಲೇ ಇಮೇಲೂ ಸೇರಬೇಕು. ಡಿಜಿಕ್ಯಾಮ್ ಉಚಿತ ಮಾತ್ರವಲ್ಲ, ಅದರ ಆಲ್ಬಮ್ ಎಂದರೆ ಡಿಸ್ಕಿನ ಮೇಲಿನ ಸಾಮಾನ್ಯ ಫೋಲ್ಡರೇ. ನಾಳೆ ಅದೂ ನಿಂತರೆ ಫೋಲ್ಡರುಗಳು, ದಿನಾಂಕ ಹೊತ್ತ ಹೆಸರುಗಳು ಉಳಿಯುತ್ತವೆ. ಗುರುತಿನ ಚೀಟಿಗಳನ್ನು ಕನ್ನಡದಲ್ಲೇ ಬರೆಯಬಹುದು. 'ಸುರಂಗ', 'ಬಾವಿ ಪಕ್ಕದ ಪಟ್ಟಿ', 'ಅಪ್ಪೆಮಿಡಿ' ಎಂದೆಲ್ಲ ನಾನು ಅಂಟಿಸಿದ್ದೇನೆ.

ಟೇಪುಗಳಿಗೆ ಅವಸರ ಇದೆ

ಕಾರ್ಡಿನದ್ದು ನಿಧಾನವಾಗಿ ಮಾಡಬಹುದು, ಟೇಪಿನದ್ದು ಮಾಡಬಾರದು. 1995ರಿಂದ ಬಂದ ಮಿನಿಡಿವಿ ಟೇಪಿನಲ್ಲಿ ಇರುವುದು ಡಿಜಿಟಲ್ ವಿಡಿಯೋವೇ. ಒಂದು ಗಂಟೆಗೆ ಸುಮಾರು 13 ಜಿಬಿ. ಅದನ್ನು ಹಾಗೆಯೇ ಇಳಿಸಲು ಫೈರ್‌ವೈರ್ ಎಂಬ ಬೇರೆಯೇ ತೂತು ಬೇಕು. ಹೆಚ್ಚಿನ ಮಿನಿಡಿವಿ ಕ್ಯಾಮೆರಾಗಳ ಯುಎಸ್‌ಬಿ ತಂತಿಯಲ್ಲಿ ಪೂರ್ತಿ ಗುಣಮಟ್ಟದ ವಿಡಿಯೋ ಬರುವುದಿಲ್ಲ. ಫೈರ್‌ವೈರ್ ಇರುವ ಹಳೆಯ ಕಂಪ್ಯೂಟರ್ ಯಾರ ಮನೆಯಲ್ಲಾದರೂ ಇದ್ದರೆ ಗುಜರಿಗೆ ಹಾಕಲು ಬಿಡಬೇಡಿ. ಆಪಲ್ ತನ್ನ 2025ರ ಮ್ಯಾಕ್‌ಓಎಸ್ 26ರಲ್ಲಿ ಇದನ್ನು ಪೂರ್ತಿ ಕೈಬಿಟ್ಟಿದೆ. ವಿಂಡೋಸಿನಲ್ಲಿ ವಿನ್‌ಡಿವಿ ಎಂಬ ಪುಟ್ಟ ಉಚಿತ ಸಾಫ್ಟ್‌ವೇರ್ ಟೇಪನ್ನು ದೃಶ್ಯ ದೃಶ್ಯವಾಗಿ ಬಿಡಿಸಿ, ಟೇಪಿನಲ್ಲಿದ್ದ ದಿನಾಂಕವನ್ನೇ ಫೈಲಿಗೆ ಹೆಸರಾಗಿ ಇಡುತ್ತದೆ. ಇನ್ನೂ ಹಳೆಯ ಹೈ8 ಟೇಪುಗಳಿದ್ದರೆ ಡಿಜಿಟಲ್8 ಕ್ಯಾಮೆರಾ ಹುಡುಕಿ. ಅದರ ಕೆಲವು ಮಾದರಿಗಳು ಹೈ8 ಟೇಪನ್ನು ಓಡಿಸಿ ಫೈರ್‌ವೈರಿನಲ್ಲಿ ಡಿಜಿಟಲ್ ಆಗಿಯೇ ಕೊಡುತ್ತವೆ.

ನಮ್ಮ ಮಳೆಗಾಲದಲ್ಲಿ ಟೇಪಿಗೆ ಬೂಸು ಹಿಡಿಯದೆ ಇರುವುದಿಲ್ಲ. ಕಿಟಕಿಯಿಂದ ಬಿಳಿ ಪುಡಿ ಕಂಡರೆ ಕ್ಯಾಮೆರಾಕ್ಕೆ ಹಾಕಲೇ ಬೇಡಿ. ಬೂಸು ಒಳಗಿನ ಹೆಡ್ಡಿಗೆ ಅಂಟಿ ಮುಂದಿನ ಟೇಪುಗಳಿಗೂ ದಾಟುತ್ತದೆ. ಅಂಥದ್ದನ್ನು ಬೇರೆಯಾಗಿಟ್ಟು, ಶುಚಿ ಮಾಡಬಲ್ಲವರಿಗೆ ಕೊಡಿ. ಒಳ್ಳೆಯವನ್ನು ಜನವರಿಯಿಂದ ಮಾರ್ಚ್ ಒಳಗೆ, ಗಾಳಿ ಒಣಗಿರುವಾಗ ಇಳಿಸಿ ಮುಗಿಸುವುದು ಲೇಸು. ಅಲ್ಲಿಯ ತನಕ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿರಲಿ.

ಎಲ್ಲ ಮುಗಿದ ಮೇಲೆ ಮೂಲ ಕಾರ್ಡಿನ ಕಾಪಿ ಮತ್ತು ಎಂಪಿ4 ಎರಡನ್ನೂ ಎರಡು ಹಾರ್ಡ್ ಡಿಸ್ಕಿಗೆ ಹಾಕಿ. ಒಂದು ಬೇರೆ ಮನೆಯಲ್ಲಿರಲಿ. ಸಿಡಿಲಿನ ದಿನಗಳಲ್ಲಿ ಎರಡೂ ಒಂದೇ ಕರೆಂಟಿಗೆ ಸಿಕ್ಕಿಕೊಂಡಿದ್ದರೆ ಎರಡಿದ್ದೂ ಒಂದೇ. ವಾಟ್ಸಾಪಿನಲ್ಲಿ ಕಳಿಸಲು ಸಣ್ಣ ಪ್ರತಿ ಬೇಕಾದರೆ ಆಗ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಧಾರಾಳ ಬೇಯಿಸಿ, ಬಾಚಣಿಗೆ ಗೆರೆಯನ್ನೂ ಅಲ್ಲೇ ತೆಗೆಸಿ. ಸುರಂಗದ ಅಜ್ಜನ ಮಕ್ಕಳಿಗೆ ನಾನು ಮೊಬೈಲಿಗೆ ಕಳಿಸಿದ್ದು ಅಂಥ ಪ್ರತಿ. ಪೂರ್ತಿಯದನ್ನು ಒಂದು ಪೆನ್‌ಡ್ರೈವಿನಲ್ಲಿ ಹಾಕಿ, ಫೋಲ್ಡರುಗಳನ್ನು ಹಾಗೆಯೇ ಇಟ್ಟು, ಅವರ ಮನೆಗೇ ಕೊಂಡುಹೋಗಿ ಕೊಟ್ಟೆ.